ಎವಾರಿಸ್ತೊನ ಕ್ಷೌರದಂಗಡಿ ಇದ್ದ ಜಾಗದಿಂದ

ಸರೋವರದ ದಂಡೆಯ ನಮ್ಮ ಗ್ರನಾದಾಕ್ಕೆ ಬರುವವರಿಗೆಲ್ಲ ನಾನು ಹೇಳುವ ಮೊದಲ ಬುದ್ಧಿಮಾತು: ಬೀದಿಯ ಹೆಸರು ಕೇಳಬೇಡಿ. ಬೀದಿಗಳಿಗೆ ಹೆಸರಿಲ್ಲ ಎಂದಲ್ಲ. ಮೂಲೆಮೂಲೆಯಲ್ಲೂ ಚೆಂದದ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ. ಅದನ್ನು ಓದುವವರು ಪ್ರವಾಸಿಗರು ಮಾತ್ರ. ಊರಿನವರಿಗೆ ತಾವು ಹುಟ್ಟಿದ ಬೀದಿಯ ಹೆಸರೂ ಗೊತ್ತಿರುವುದಿಲ್ಲ. ನಮ್ಮಲ್ಲಿ ವಿಳಾಸ ಎಂದರೆ, ಇಂಥದ್ದು ಇದ್ದ ಜಾಗದಿಂದ ಸರೋವರದ ಕಡೆಗೆ ಇಷ್ಟು ಅಡ್ಡರಸ್ತೆ, ಆಮೇಲೆ ಬೆಟ್ಟದ ಕಡೆಗೆ ಇಷ್ಟು. ಗಮನಿಸಿ, ಇದ್ದ ಜಾಗ. ಇರುವ ಜಾಗವಲ್ಲ. ಬಿದ್ದುಹೋದ ಮರ, ಸುಟ್ಟುಹೋದ ಸಿನಿಮಾ ಮಂದಿರ, ನಮ್ಮಜ್ಜಿಯ ಕಾಲದಲ್ಲಿ ಬಾಗಿಲು ಹಾಕಿದ ಔಷಧದ ಅಂಗಡಿ. ಕಣ್ಣೆದುರು ಗಟ್ಟಿಯಾಗಿ ನಿಂತಿರುವುದನ್ನು ಗುರುತಾಗಿ ಹೇಳಲು ನಮ್ಮವರಿಗೆ ಯಾಕೋ ಧೈರ್ಯ ಸಾಲದು.

ಎರಡನೆಯದು: ದಾರಿ ಕೇಳಿದರೆ 'ಗೊತ್ತಿಲ್ಲ' ಎನ್ನುವವರು ಈ ಊರಿನಲ್ಲಿ ಹುಟ್ಟಿಲ್ಲ. ದೂರದಿಂದ ಬೆವರು ಸುರಿಸಿಕೊಂಡು ಬಂದವರನ್ನು ಬರಿಗೈಲಿ ಕಳಿಸುವುದು ಮರ್ಯಾದೆಯಲ್ಲವಂತೆ. ಹಾಗಾಗಿ ಏನಾದರೊಂದು ದಾರಿ ಹೇಳಿಯೇ ಹೇಳುತ್ತಾರೆ, ಕೈ ಬೀಸಿ, ನಗುನಗುತ್ತಾ, ನಾಲ್ಕು ಹೆಜ್ಜೆ ಜೊತೆಗೂ ಬಂದು. ಒಂದೇ ಪ್ರಶ್ನೆಯನ್ನು ಮೂವರಿಗೆ ಕೇಳಿ. ಮೂವರೂ ಒಂದೇ ಕಡೆ ಕೈ ತೋರಿಸಿದರೆ ಹೋಗಿ. ಇಲ್ಲದಿದ್ದರೆ ಉದ್ಯಾನದಲ್ಲಿ ಕೂತು, ಬಾಳೆಲೆಯ ಮೇಲೆ ಬೇಯಿಸಿದ ಮರಗೆಣಸೂ ಹುರಿದ ಹಂದಿಚರ್ಮವೂ ಹಾಕಿಸಿಕೊಂಡು ತಿಂದು, ಮತ್ತೆ ಶುರುಮಾಡಿ.

ಮೊಬೈಲಿನ ನಕ್ಷೆ ಇದೆಯಲ್ಲ ಎನ್ನುತ್ತೀರಿ. ಇದೆ. ಅದು ನನ್ನ ವಸತಿಗೃಹವನ್ನು ಸನ್ಯಾಸಿನಿಯರ ಮಠದ ಬಚ್ಚಲುಮನೆಯಲ್ಲಿ ತೋರಿಸುತ್ತದೆ. ಅಲ್ಲಿಗೆ ಹೋಗಿ ಬಾಗಿಲು ತಟ್ಟಿ ಬೈಸಿಕೊಂಡು ಬಂದ ಗಂಡಸರು ನನಗೆ ಲೆಕ್ಕವಿಲ್ಲದಷ್ಟು ಗೊತ್ತು.

ಆದ್ದರಿಂದ ಊರಿಗೆ ಬಂದಿಳಿದವರು ನನಗೆ ಫೋನ್ ಮಾಡುತ್ತಾರೆ. ನಾನು ಒದಿಲಿಯಾ, ಐದು ಕೋಣೆಯ ಒಂದು ಸಣ್ಣ ವಸತಿಗೃಹದ ಒಡತಿ, ಊರಿನವರ ಬಾಯಲ್ಲಿ ದೋನ್ಯಾ, ಅಂದರೆ ಅಮ್ಮಾವ್ರು. ಮೊನ್ನೆಮೊನ್ನೆಯವರೆಗೆ ನಾನು ಹೇಳಬೇಕಾಗಿದ್ದ ವಿಳಾಸ ಇಷ್ಟೇ: "ಎವಾರಿಸ್ತೊನ ಕ್ಷೌರದಂಗಡಿ ಇದ್ದ ಜಾಗದಿಂದ, ಸರೋವರದ ಕಡೆಗೆ ಅರ್ಧ ಅಡ್ಡರಸ್ತೆ, ಎಡಗಡೆ."

ಎವಾರಿಸ್ತೊ ಯಾರು? ನನ್ನ ಗಂಡ. ಇಪ್ಪತ್ತೆರಡು ವರ್ಷಗಳ ಹಿಂದೆ ಒಂದು ಮಂಗಳವಾರ, ಅಂಗಡಿಯಲ್ಲಿ ಒಬ್ಬನ ಅರ್ಧ ಗಡ್ಡ ಹೆರೆದು ಇನ್ನರ್ಧ ಹಾಗೇ ಬಿಟ್ಟು, ಲಾಟರಿ ಚೀಟಿ ಮಾರುವ ಹೆಂಗಸಿನ ಜೊತೆ ಕೋಸ್ತಾರಿಕಾಗೆ ಓಡಿಹೋದ ಮಹಾನುಭಾವ. ಅರ್ಧ ಗಡ್ಡದವನು ನನ್ನ ಮನೆಗೆ ಬಂದು "ಮಿಕ್ಕಿದ್ದನ್ನ ಯಾರು ಮಾಡ್ತಾರೆ ದೋನ್ಯಾ?" ಎಂದು ಕೇಳಿದಾಗಲೇ ನನಗೆ ವಿಷಯ ಗೊತ್ತಾದದ್ದು. ಕಳೆದುಹೋದ ವಸ್ತು ಸಿಗಲೆಂದು ನಮ್ಮವರು ಸಂತ ಅಂತೋನಿಗೆ ಮೇಣದಬತ್ತಿ ಹಚ್ಚುತ್ತಾರೆ. ನಾನೂ ಹಚ್ಚಿದೆ. "ಅಪ್ಪಾ, ನಿನ್ನ ದಮ್ಮಯ್ಯ, ಇದೊಂದನ್ನ ಮಾತ್ರ ಹುಡುಕಿಕೊಡಬೇಡ" ಎಂದು ಬೇಡಿಕೊಂಡೆ. ಸಂತ ನನ್ನ ಮಾತು ಕೇಳಿದ. ಊರು ಕೇಳಲಿಲ್ಲ.

ಎವಾರಿಸ್ತೊ ಇದ್ದಾಗ ಆ ಮೂಲೆಗೆ 'ಶವಪೆಟ್ಟಿಗೆಯವನ ಅಂಗಡಿ ಇದ್ದ ಜಾಗ' ಎಂದು ಹೆಸರಿತ್ತು. ಅವನು ಓಡಿಹೋದ ಎರಡೇ ತಿಂಗಳಿಗೆ 'ಎವಾರಿಸ್ತೊನ ಅಂಗಡಿ ಇದ್ದ ಜಾಗ' ಆಯಿತು. ಆಮೇಲೆ ಅಲ್ಲಿ ಫೋನು ಮಾಡುವ ಅಂಗಡಿ ಬಂತು, ಹೋಯಿತು. ಹಚ್ಚೆ ಹಾಕುವ ಜಡೆಯವನೊಬ್ಬ ಬಂದ, ಎಂಟು ತಿಂಗಳಿಗೆ ಹೋದ. ಈಗ ದೊನಾತೊ ಎಂಬ ಇಟಲಿಯವನು ಪಿಜ್ಜಾ ಮಾಡುತ್ತಾನೆ. ಪಾಪ, "ಪಿಜ್ಜಾ ಅಂಗಡಿಯಿಂದ ಅಂತ ಹೇಳ್ರಪ್ಪಾ, ನಾಲ್ಕು ಜನ ಬರ್ತಾರೆ" ಎಂದು ಸಿಕ್ಕವರ ಕಾಲಿಗೆ ಬೀಳುತ್ತಾನೆ. ಅವನ ಕೈಯ ಪಿಜ್ಜಾ ತಿನ್ನುತ್ತಲೇ ಜನ ಫೋನಿನಲ್ಲಿ "ಎವಾರಿಸ್ತೊನ ಅಂಗಡಿ ಇದ್ದಲ್ಲಿದೀನಿ ಕಣೋ, ಬಾ" ಎನ್ನುತ್ತಿದ್ದರು.

ನನ್ನ ಸಂಕಟ ಕೇಳಿ. ಆ ಹೆಸರನ್ನು ಬಾಯಲ್ಲಿ ತರಬಾರದೆಂದು ಅವನ ಅಂಗಿಗಳನ್ನೆಲ್ಲ ನೆಲ ಒರೆಸುವ ಬಟ್ಟೆ ಮಾಡಿದವಳು ನಾನು. ಆದರೆ ಹೊಟ್ಟೆಪಾಡು. ಪ್ರವಾಸಿಗರ ಕಾಲದಲ್ಲಿ ದಿನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ, ಸಾಬೂನಿನಿಂದ ಬಾಯಿ ತೊಳೆದುಕೊಳ್ಳಬೇಕು ಅನಿಸುವಷ್ಟು ಸಲ ಅದೇ ಹೆಸರು. ಅವನ ಜೊತೆ ಸಂಸಾರ ಮಾಡಿದ ಹದಿನೇಳು ವರ್ಷದಲ್ಲೂ ಅವನನ್ನು ಅಷ್ಟು ಸಲ ಹೆಸರು ಹಿಡಿದು ಕರೆದಿರಲಿಲ್ಲ. ಸಾಯುವ ಮೊದಲು ಆ ಹೆಸರು ನನ್ನ ಬಾಯಿಂದ ಹೋಗಬೇಕು. ನನಗಿದ್ದ ಆಸೆ ಅದೊಂದೇ.

ಪ್ರಯತ್ನ ಮಾಡದೇ ಇರಲಿಲ್ಲ. ಮನೆಗೆ ಗಿಳಿಹಸಿರು ಬಣ್ಣ ಹೊಡೆಸಿದೆ. ಎಂಥ ಹಸಿರೆಂದರೆ ಎದುರುಮನೆಯವರು ಕಿಟಕಿ ತೆರೆಯುವುದನ್ನೇ ಬಿಟ್ಟರು. ಪ್ರವಾಸಿಗರಿಗೆ ಉಪಯುಕ್ತ ಸಲಹೆಗಳು ಎಂದು ಒಂದು ಹಾಳೆ ಬರೆದು ಅಚ್ಚು ಹಾಕಿಸಿದೆ. ನಡುಮಧ್ಯಾಹ್ನ ಕುದುರೆಗಾಡಿ ಹತ್ತಬೇಡಿ, ಕುದುರೆಗೂ ಜೀವವಿದೆ. 'ಈಗಲೇ ಬಂದೆ' ಎಂದವರನ್ನು ಸಂಜೆಯವರೆಗೆ ಕಾಯಬೇಡಿ. ಬೆಳಗಿನ ಐದು ಗಂಟೆಗೆ ಢಮಾರ್ ಎಂದರೆ ಮಂಚದ ಕೆಳಗೆ ತೂರಬೇಡಿ, ಅದು ಯುದ್ಧವಲ್ಲ, ಯಾರೋ ಸಂತನ ಹುಟ್ಟುಹಬ್ಬ. ಎಲ್ಲಕ್ಕಿಂತ ಕೊನೆಗೆ ದಪ್ಪ ಅಕ್ಷರದಲ್ಲಿ: 'ವಿಳಾಸ: ದೋನ್ಯಾ ಒದಿಲಿಯಾಳ ಗಿಳಿಹಸಿರು ಮನೆ.' ಅಷ್ಟೇ. ಬೇರೆ ಯಾವ ಪಾಪಿಯ ಹೆಸರೂ ಇಲ್ಲ.

ಆ ಹಾಳೆ ಹಿಡಿದುಕೊಂಡು ಬಂದ ಮೊದಲ ಜರ್ಮನ್ ದಂಪತಿ ಬಸ್ಸಿಳಿದು ಗಿಳಿಹಸಿರು ಮನೆ ಎಲ್ಲಿ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ಎಲ್ಲರೂ ಹೇಳಿದರು. ಮೊದಲನೆಯವನು ದೋಣಿಗಟ್ಟೆಗೆ ಕಳಿಸಿದ. ಅಲ್ಲಿಂದ ಸ್ಮಶಾನಕ್ಕೆ. ಸ್ಮಶಾನದ ಕಾವಲುಗಾರ ಸ್ವಲ್ಪ ಯೋಚಿಸಿ ಪಕ್ಕದೂರು ಮಸಾಯಾದ ಬಸ್ಸು ಹತ್ತಿಸಿದ. ಕತ್ತಲಾಗುವ ಮುಂಚೆ ಅವರನ್ನು ಪತ್ತೆಹಚ್ಚಿ ಕರೆತಂದವನು ಕುದುರೆಗಾಡಿಯ ಹಸಿಂತೊ. ನಮ್ಮೂರಿನ ಗಾಡಿಯವರಲ್ಲೆಲ್ಲ ಹಿರಿಯ, ಬಾಯಿ ಮಾತ್ರ ಕುದುರೆಗಿಂತ ಜೋರು.

"ಎಲ್ಲಿಗೆ ಹೋಗ್ಬೇಕಿತ್ತು ಅಂತ ಕೇಳ್ದೆ," ಎಂದ ಹಸಿಂತೊ. "ಒದಿಲಿಯಾ ಮನೆ ಅಂದ್ರು. ಅಯ್ಯೋ, ಎವಾರಿಸ್ತೊನ ಅಂಗಡಿ ಇದ್ದಲ್ಲಿಂದ ಅರ್ಧ ರಸ್ತೆ ಅಂತ ಮೊದ್ಲೇ ಹೇಳೋದಲ್ವಾ, ಅಂದೆ."

"ನಿನ್ನ ಬಾಯಿಗೆ ಹುಳ ಬೀಳ," ಎಂದೆ. "ನನ್ನ ಮನೆ ನನ್ನ ಹೆಸರಲ್ಲಿ ಯಾಕೋ ಗೊತ್ತಾಗಲ್ಲ ಈ ಊರಿಗೆ? ನಾನೇನು ನಿನ್ನೆ ಬಂದವಳಾ?"

"ಅದೇ ತೊಂದ್ರೆ ದೋನ್ಯಾ. ನೀವು ಇಲ್ಲೇ ಇದೀರಲ್ಲ." ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಇರೋವ್ರನ್ನ ಯಾರು ಲೆಕ್ಕಕ್ಕಿಡ್ತಾರೆ? ನೀವು ನಾಳೆ ಕಣ್ಣು ಮುಚ್ಚಿ ನೋಡಿ, ನಾಡಿದ್ದಿಂದ ನಾನೇ 'ದೋನ್ಯಾ ಒದಿಲಿಯಾ ಇದ್ದ ಜಾಗ' ಅಂತ ಕೂಗ್ತೀನಿ. ಆಣೆಗೂ."

"ಹೋಗಯ್ಯ, ಮೊದ್ಲು ನಿನ್ನನ್ನ ಕಳಿಸ್ತೀನಿ," ಎಂದೆ. ಆದರೆ ಅವನ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಉಳಿದ ಹಾಳೆಗಳನ್ನು ಒಲೆ ಹಚ್ಚಲು ಬಳಸಿದೆ.

ಇದಾಗಿ ವರ್ಷ ತುಂಬುವುದರೊಳಗೆ, ಒಂದು ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಹಸಿಂತೊನ ಗಾಡಿ ನನ್ನ ಬಾಗಿಲಲ್ಲಿ ನಿಂತಿತು. ಯಾರೋ ಪ್ರವಾಸಿ ಎಂದುಕೊಂಡು ಲಂಗಕ್ಕೆ ಕೈ ಒರೆಸುತ್ತಾ ಹೊರಗೆ ಬಂದೆ. ಗಾಡಿಯಿಂದ ಒಂದು ಕೋಲು ಇಳಿಯಿತು, ಕೋಲಿನ ಹಿಂದೆ ಒಂದು ಕಾಲು, ಕಾಲಿನ ಹಿಂದೆ ಎವಾರಿಸ್ತೊ. ಕೂದಲು ಪೂರ್ತಿ ಹೋಗಿತ್ತು. ಕ್ಷೌರಿಕನಿಗೆ ದೇವರು ಕೊಟ್ಟ ಶಿಕ್ಷೆ, ನನಗೆ ಮೊದಲು ಹೊಳೆದದ್ದು ಅದೇ. ಕೈಯಲ್ಲಿ ಹಗ್ಗ ಬಿಗಿದ ಸೂಟ್‌ಕೇಸು. ಹಸಿಂತೊ ನನ್ನ ಕಡೆ ನೋಡದೆ ಕುದುರೆಯ ಬಾಲವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

"ಒದಿಲಿಯಾ," ಎಂದ ಎವಾರಿಸ್ತೊ. ಅವನ ಕಣ್ಣಲ್ಲಿ ನೀರಿತ್ತು. ಪಶ್ಚಾತ್ತಾಪದ ನೀರು ಎಂದುಕೊಂಡೆ. ಅಲ್ಲ. "ಬಸ್ ಸ್ಟ್ಯಾಂಡಲ್ಲಿ ಇಳಿದೆ ಕಣೇ. ಎಲ್ಲಾ ಬದಲಾಗಿಬಿಟ್ಟಿದೆ. ಮನೆ ಬಣ್ಣ ಬೇರೆ, ಮೂಲೆ ಬೇರೆ. ದಾರಿ ತಪ್ಪಿ, ನಿನ್ನ ಮನೆ ಯಾವ ಕಡೆ ಅಂತ ಒಬ್ಬ ಹುಡುಗೀನ ಕೇಳ್ದೆ, ನಾನು ಹೋದಾಗ ಹುಟ್ಟೇ ಇರ್ಲಿಲ್ಲ ಅವ್ಳು. ಏನಂದ್ಲು ಗೊತ್ತಾ? 'ಎವಾರಿಸ್ತೊನ ಕ್ಷೌರದಂಗಡಿ ಇದ್ದ ಜಾಗದಿಂದ ಅರ್ಧ ರಸ್ತೆ ತಾತ' ಅಂದ್ಲು! ಇನ್ನೊಬ್ಬನ್ನ ಕೇಳ್ದೆ, ಅವನೂ ಅದೇ. ಬೇಕಂತಲೇ ಏಳು ಜನರನ್ನ ಕೇಳ್ದೆ. ಏಳೂ ಜನ! ಊರಿಗೆ ಊರೇ ನನ್ನ ಮರೆತಿಲ್ಲ."

ನನ್ನ ಮೈ ಉರಿದುಹೋಯಿತು. "ಬಂದಿದ್ದೇನಕ್ಕೆ?" ಎಂದೆ.

ಲಾಟರಿಯವಳು ಎಂಟು ವರ್ಷದ ಹಿಂದೆಯೇ ಓಡಿಸಿದಳಂತೆ. ಆಮೇಲೆ ಯಾವುದೋ ಅನಾನಸು ತೋಟದಲ್ಲಿ ಕೆಲಸ, ಮಂಡಿ ಹೋಯಿತು. ಮಸಾಯಾದಲ್ಲಿ ತಂಗಿ ಇದ್ದಾಳೆ, ಹಿಂದಿನ ಕೋಣೆ ಕೊಡುತ್ತೇನೆ ಎಂದಿದ್ದಾಳೆ. "ಆದ್ರೆ ನನ್ನೂರು ಇದೇ ಅಲ್ವಾ," ಎಂದ. "ಈ ಮನೇಲಿ ಇರಿಸ್ಕೋ ಅಂತ ಕೇಳೋ ಮುಖ ನಂಗಿಲ್ಲ..."

"ಸದ್ಯ."

"...ನನ್ನ ಕುರ್ಚಿ ಇದ್ಯಾ? ಕ್ಷೌರದ ಕುರ್ಚಿ. ಅದೊಂದು ಕೊಟ್ರೆ ಮಾರ್ಕೆಟ್ ಹತ್ರ ಹಾಕ್ಕೊಂಡು ಕೂರ್ತೀನಿ. ಕೈ ಇನ್ನೂ ನಡುಗಲ್ಲ, ನೋಡು."

ಕುರ್ಚಿ ಇತ್ತು. ಹಿತ್ತಲಲ್ಲಿ, ಕೋಳಿಗಳು ಅದರ ಮೇಲೆ ಮೊಟ್ಟೆಯಿಡುತ್ತಿದ್ದವು. ಕಬ್ಬಿಣದ್ದು, ಅಂಗಡಿಯಿಂದ ನಾಲ್ವರು ಹೊತ್ತು ತಂದದ್ದು, ಮತ್ತೆ ಎತ್ತಲು ಯಾರೂ ಒಪ್ಪದೆ ಉಳಿದಿತ್ತು. ಕೊಡುವುದಿಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹಸಿಂತೊ ಗಾಡಿಯಿಂದ ಇಳಿದು, ನನ್ನನ್ನು ಹಜಾರದ ಒಳಗೆ ಕರೆದು ಪಿಸುಗುಟ್ಟಿದ.

"ದೋನ್ಯಾ, ಕೋಪ ಪಕ್ಕಕ್ಕಿಟ್ಟು ಒಂದು ನಿಮಿಷ ಯೋಚ್ನೆ ಮಾಡಿ. ಈತ ಮಸಾಯಾಗೆ ಹೋಗಿ ಸತ್ತ ಅಂತಿಟ್ಕೊಳ್ಳಿ. ಮುಗೀತು. ಆ ಹೆಸರು ಆ ಮೂಲೇಲಿ ಇನ್ನೂ ನೂರು ವರ್ಷ ಇರುತ್ತೆ. ಅದೇ ಇವ್ನು ಇಲ್ಲೇ ಮಾರ್ಕೆಟ್ಟಲ್ಲಿ ಕತ್ರಿ ಆಡಿಸ್ತಾ ಕೂತ್ರೆ? 'ಎವಾರಿಸ್ತೊನ ಅಂಗಡಿ ಇದ್ದ ಜಾಗ' ಅಂತ ಯಾರು ಹೇಳ್ತಾರೆ? ಅಂಗಡಿ ಇದೆಯಲ್ಲ!"

ನಾನು ಅಲ್ಲೇ ನಿಂತೆ. ಒಂದು ಕಡೆ, ಈ ಮುಖವನ್ನು ಇನ್ನು ಮುಂದೆ ತರಕಾರಿಗೆ ಹೋದಾಗೆಲ್ಲ ನೋಡಬೇಕು. ಇನ್ನೊಂದು ಕಡೆ, ಆ ಹೆಸರು ನನ್ನ ಬಾಯಿಂದ ಶಾಶ್ವತವಾಗಿ ತೊಲಗುತ್ತದೆ. ಮನುಷ್ಯ ಬೇಡವೆಂದರೆ ಹೆಸರು ಉಳಿಯುತ್ತದೆ, ಹೆಸರು ಬೇಡವೆಂದರೆ ಮನುಷ್ಯ ಉಳಿಯುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಎವಾರಿಸ್ತೊನ ವಿಷಯದಲ್ಲಿ ತೀರ್ಮಾನ ನನ್ನ ಕೈಯಲ್ಲಿತ್ತು. ಆ ಖುಷಿಯನ್ನು ಎರಡು ನಿಮಿಷ ಚಪ್ಪರಿಸಿದೆ, ಸುಳ್ಳು ಯಾಕೆ ಹೇಳಲಿ.

ಹೊರಗೆ ಬಂದು, "ಹಸಿಂತೊನ ಗಾಡೀಲಿ ಕುರ್ಚಿ ಹಾಕ್ಕೊಂಡು ಹೋಗು," ಎಂದೆ. "ಕೋಳಿ ಕೂತಿದೆ, ಎಬ್ಬಿಸೋಕೆ ಮುಂಚೆ ಮೊಟ್ಟೆ ತೆಗೆದು ಕೊಡು. ಈ ಬಾಗಿಲಿಗೆ ಮತ್ತೆ ಬರಬೇಡ."

"ನಿನ್ನ ಮನಸ್ಸು ದೊಡ್ಡದು ಒದಿಲಿಯಾ," ಎಂದು ಅವನು ಅತ್ತೇಬಿಟ್ಟ. ನನ್ನ ಮನಸ್ಸು ಎಷ್ಟು ದೊಡ್ಡದು ಎಂದು ಹಸಿಂತೊಗೆ ಗೊತ್ತಿತ್ತು. ಅವನು ಕೆಮ್ಮುವವನ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದ.

ಮೊದಲ ಮೂರು ವಾರ ಊರು ಅಲ್ಲೋಲಕಲ್ಲೋಲ. ನಾನು ಫೋನಿನಲ್ಲಿ ಹಳೆಯ ವಿಳಾಸವನ್ನೇ ಹೇಳುತ್ತಿದ್ದೆ, ಪ್ರವಾಸಿಗರು ಎವಾರಿಸ್ತೊನ ಅಂಗಡಿ ಎಲ್ಲಿ ಎಂದು ಕೇಳುತ್ತಿದ್ದರು, ಜನ ಅವರನ್ನು ನೇರವಾಗಿ ಮಾರ್ಕೆಟ್ಟಿನ ಕುರ್ಚಿಗೆ ಕಳಿಸುತ್ತಿದ್ದರು. ಅವನೋ, ಬಂದವರನ್ನು ಸುಮ್ಮನೆ ಬಿಡುವವನಲ್ಲ. ಒಬ್ಬ ಡಚ್ ಹುಡುಗ ಕೋಣೆ ಕೇಳುವಾಗ ಭುಜದುದ್ದ ಕೂದಲು ಬಿಟ್ಟು ಫೋಟೋ ಕಳಿಸಿದ್ದ. ನನ್ನ ಬಾಗಿಲಿಗೆ ಬಂದಾಗ ಸೈನಿಕನ ಹಾಗಿದ್ದ. "ದಾರಿ ಕೇಳಿದೆ ಅಷ್ಟೇ," ಎಂದು ಕತ್ತು ಸವರಿಕೊಂಡ. ಅವನ ಹಿಂದೆಯೇ ಬಂದ ಫ್ರೆಂಚ್ ಹೆಂಗಸಿಗೂ ಮುಂಗುರುಳು ಇರಲಿಲ್ಲ.

ಊರಿಗೆ ಇದು ಸರಿಹೋಗಲಿಲ್ಲ. ಯಾರೂ ಸಭೆ ಸೇರಲಿಲ್ಲ, ಯಾರೂ ತೀರ್ಮಾನ ಮಾಡಲಿಲ್ಲ. ಒಂದು ದಿನ ಬೀದಿಯಲ್ಲಿ ಹೋಗುತ್ತಿದ್ದಾಗ ಹಾಲಿನವನು ಯಾರಿಗೋ ಹೇಳುತ್ತಿದ್ದ: "ಹಚ್ಚೆ ಅಂಗಡಿ ಇದ್ದ ಜಾಗದಿಂದ, ಸರೋವರದ ಕಡೆ ಅರ್ಧ ರಸ್ತೆ." ನಾನು ಅಲ್ಲೇ ನಿಂತು ಮತ್ತೊಮ್ಮೆ ಹೇಳಿಸಿದೆ. ವಾರದೊಳಗೆ ಇಡೀ ಊರು ಅದನ್ನೇ ಹೇಳತೊಡಗಿತು. ದೊನಾತೊ ಪಿಜ್ಜಾ ಹಿಟ್ಟನ್ನು ಗೋಡೆಗೆ ಎಸೆದು ಇಟಲಿಯ ಭಾಷೆಯಲ್ಲಿ ನಮ್ಮೆಲ್ಲರ ತಾಯಂದಿರನ್ನು ನೆನೆದ. ನಾನು ಮಾತ್ರ ಕೇಕು ತಂದೆ. ಹಚ್ಚೆಯವನ ಹೆಸರು ಏನೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಅವನ ದೊಡ್ಡ ಗುಣ. ಫೋನ್ ಬಂದರೆ ಸಾಕು, ಹಾಡಿನ ಹಾಗೆ ಹೇಳುತ್ತಿದ್ದೆ. ನಾಲಿಗೆ ಹಗುರವಾಗಿತ್ತು.

ಹಾಗೆ ನಾಲ್ಕು ತಿಂಗಳು ಹೋಯಿತು. ಮಾರ್ಕೆಟ್ಟಿಗೆ ಹೋದಾಗ ನಾನು ಆ ಕಡೆಯ ಸಾಲಿಗೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ, ಊರೆಲ್ಲ ಊಟ ಮಾಡಿ ಬಾಗಿಲು ಹಾಕಿಕೊಂಡು ಮಲಗಿದ್ದ ಹೊತ್ತಿನಲ್ಲಿ, ಯಾರೋ ಬಾಗಿಲು ತಟ್ಟಿದರು. ತೆರೆದರೆ ಎವಾರಿಸ್ತೊ. ಬೆವರಿನಲ್ಲಿ ನೆನೆದಿದ್ದ.

"ಬರಬೇಡ ಅಂದಿದ್ನಲ್ಲ."

"ಒಂದು ಮಾತು ಕೇಳಿ ಹೋಗ್ತೀನಿ." ಅವನು ಹೊಸ್ತಿಲ ಹೊರಗೇ ನಿಂತ. "ಊರಿಗೆ ಏನಾಗಿದೆ ಒದಿಲಿಯಾ? ಹಚ್ಚೆ ಅಂಗಡಿ ಅಂತಾರೆ! ಅವ್ನು ಎಷ್ಟು ದಿನ ಇದ್ದ? ಎಂಟು ತಿಂಗಳು! ನಾನು ಹತ್ತೊಂಬತ್ತು ವರ್ಷ ಆ ಮೂಲೇಲಿ ಕೂದ್ಲು ಕತ್ತರಿಸಿದೀನಿ. ಈ ಊರಲ್ಲಿ ನಾನು ಮುಟ್ಟದ ತಲೆ ಇದ್ಯಾ?"

ನಾನು ಬಾಗಿಲ ಚಿಲಕ ಹಿಡಿದೇ ನಿಂತಿದ್ದೆ.

"ಹೋಗ್ಲಿ ಅದು ಬಿಡು. ಈಗ ಕೂತಿರೋ ಜಾಗಕ್ಕಾದ್ರೂ ನನ್ನ ಹೆಸ್ರು ಹೇಳ್ತಾರಾ? ಇವತ್ತು ಬೆಳಗ್ಗೆ ನನ್ನ ಕುರ್ಚೀಲೇ ಕೂತ್ಕೊಂಡು, ನನ್ನ ಬಟ್ಟೆ ಕೊರಳಿಗೆ ಸುತ್ಕೊಂಡು, ಒಬ್ಬ ಹೆಂಡ್ತಿಗೆ ಫೋನಲ್ಲಿ ಹೇಳ್ತಾನೆ, 'ಐಸ್ ಕಾರ್ಖಾನೆ ಇದ್ದ ಜಾಗದಲ್ಲಿದೀನಿ, ಯಾರೋ ಮುದುಕ ಕೂದ್ಲು ಕತ್ತರಿಸ್ತಾನೆ' ಅಂತ. ಯಾರೋ ಮುದುಕ! ನನ್ನ ಕೈ ಅವನ ಕಿವಿ ಮೇಲಿತ್ತು ಒದಿಲಿಯಾ." ಅವನು ಕೋಲನ್ನು ನೆಲಕ್ಕೆ ಕುಟ್ಟಿದ. "ಇಲ್ಲದಿದ್ದಾಗ ಎಲ್ಲರ ಬಾಯಲ್ಲೂ ಇದ್ದೆ. ಬಂದು ಕಣ್ಣೆದುರೇ ಕೂತಿದೀನಿ, ಒಬ್ಬನಿಗೂ ಕಾಣ್ತಿಲ್ಲ. ಇದೆಂಥ ನ್ಯಾಯ, ಹೇಳು."

ಇಪ್ಪತ್ತೆರಡು ವರ್ಷದಿಂದ ಅವನಿಗೆ ಹೇಳಬೇಕೆಂದು ನಾನು ಕೂಡಿಟ್ಟಿದ್ದ ಬೈಗುಳ ಒಂದೆರಡಲ್ಲ. ಹಂಡೆ ಉಜ್ಜುವಾಗ, ಹಾಸಿಗೆಯ ಬಟ್ಟೆ ಹಿಂಡುವಾಗ ಒಂದೊಂದನ್ನೂ ಮಸೆದು ಇಟ್ಟಿದ್ದೆ. ಆಗ ಒಂದೂ ಬಾಯಿಗೆ ಬರಲಿಲ್ಲ.

"ಎವಾರಿಸ್ತೊ," ಎಂದೆ. ಆ ಹೆಸರನ್ನು ಅವನ ಮುಖ ನೋಡಿ ಕರೆದು ಎಷ್ಟು ಕಾಲವಾಗಿತ್ತು. "ನಾನು ಮೂವತ್ತೊಂಬತ್ತು ವರ್ಷದಿಂದ ಈ ಊರಲ್ಲಿ ಹೀಗೇ ಇದೀನಿ. ನೀನು ಇದ್ದಾಗಲೂ ಹೀಗೇ ಇದ್ದೆ. ಇದೇ ಮನೇಲಿ, ನಿನ್ನ ಪಕ್ಕದಲ್ಲೇ ಮಲಗ್ತಿದ್ದೆ. ನಿಂಗೆ ಕಂಡಿತ್ತಾ?"

ಅವನು ನೆಲ ನೋಡಿದ, ಬೀದಿ ನೋಡಿದ, ಆಮೇಲೆ ನನ್ನ ಮುಖವನ್ನು ಎಷ್ಟೋ ಹೊತ್ತು ನೋಡಿದ. ಮದುವೆಯಾದ ಮೇಲೆ ಅವನು ನನ್ನನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

"ಇಲ್ಲ," ಎಂದ ಕೊನೆಗೆ.

ಕೋಲೂರುತ್ತಾ ಬಿಸಿಲಲ್ಲಿ ಹೊರಟುಹೋದ. ನಾನು ಬಾಗಿಲು ಹಾಕಿಕೊಂಡು ಹಜಾರದಲ್ಲಿ ಕುಳಿತು ಅತ್ತೆ. ಗೆದ್ದ ಖುಷಿ ಆಗಬೇಕಿತ್ತು, ಆಗಲಿಲ್ಲ. ಅವನಿಗಾಗಿಯೂ ಅಳಲಿಲ್ಲ. ಅವನು ಓಡಿಹೋದ ಮಂಗಳವಾರ ಅಳದೇ ಉಳಿದಿದ್ದದ್ದನ್ನು ಆವತ್ತು ಅತ್ತು ಮುಗಿಸಿದೆ. ಮೂರನೇ ಕೋಣೆಯ ಕೆನಡಾದವಳು ಸದ್ದು ಕೇಳಿ ಬರಿಗಾಲಲ್ಲಿ ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಳು.